ಮಳೆಮಾಪಕದ ಒಳಗಿನ ಚಿಕ್ಕ ಸೆಲ್ಲು

ಚಳ್ಳಕೆರೆ ತಾಲ್ಲೂಕು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಗೌರಸಮುದ್ರದ ಸುತ್ತಿನ ಮಳೆಯಾಶ್ರಿತ ಹೊಲಗಳಲ್ಲಿ ಶೇಂಗಾ ಬಿತ್ತನೆಯು ಒಂದು ಹದಮಳೆಯನ್ನು ನಂಬಿ ಕಾದಿರುತ್ತದೆ. ಆ ಮಳೆ ಯಾವ ದಿನ, ಎಷ್ಟು ಮಿಲಿಮೀಟರ್ ಬಿದ್ದಿತೆಂಬುದು ಬಿತ್ತನೆಗೂ ಬೇಕು, ಬರ ಬಂದರೆ ಅದರ ಲೆಕ್ಕಕ್ಕೂ ಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿದ್ಯುನ್ಮಾನ ಮಳೆಮಾಪಕಗಳನ್ನು ಸ್ಥಾಪಿಸಿದೆ. ಅವುಗಳನ್ನು ಇತರರು ಬಿಚ್ಚಕೂಡದು. ರೈತರು ಹಾಗೂ ಸಂಘಗಳು ಸ್ವಂತಕ್ಕೆ ಇಟ್ಟುಕೊಂಡ ಮಾಪಕಗಳ ನಿರ್ವಹಣೆ ಮಾತ್ರ ಅವರದೇ ಹೊಣೆ.

ಇಂತಹ ಮಾಪಕದ ಆಲಿಕೆಯ ಕೆಳಗೆ ಎರಡು ಪುಟ್ಟ ಬಟ್ಟಲುಗಳು ತಕ್ಕಡಿಯಂತೆ ಕೂತಿರುತ್ತವೆ. ಒಂದು ತುಂಬಿ ಮಗುಚಿದಾಗ ಇನ್ನೊಂದು ಮೇಲೆ ಬರುತ್ತದೆ. ಯಂತ್ರವು ಎಣಿಸುವುದು ಈ ಮಗುಚುಗಳನ್ನೇ. ಈ ಕೆಲಸಕ್ಕೆ ಶಕ್ತಿ ಕೊಡುವುದು ಸೂರ್ಯಫಲಕದಿಂದ ತುಂಬುವ ದೊಡ್ಡ ಬ್ಯಾಟರಿ. ಇದಲ್ಲದೆ ಒಳಗೆ ನಾಣ್ಯದಾಕಾರದ 3 ವೋಲ್ಟಿನ ಲಿಥಿಯಂ ಸೆಲ್ಲೊಂದಿರುತ್ತದೆ. ಅದು ಮಳೆಯನ್ನು ಎಣಿಸುವುದಿಲ್ಲ. ದೊಡ್ಡ ಬ್ಯಾಟರಿ ಕೈಕೊಟ್ಟಾಗ ಗಡಿಯಾರವನ್ನೂ, ಕೆಲವು ಮಾದರಿಗಳಲ್ಲಿ ಹೊಂದಾಣಿಕೆಯ ಅಂಕಿಗಳನ್ನೂ ಕಾಯುತ್ತದೆ.

ಈ ಸೆಲ್ಲು ಸತ್ತರೆ ಯಂತ್ರ ನಿಲ್ಲುವುದಿಲ್ಲ. ತೊಂದರೆ ಇರುವುದು ಇಲ್ಲಿಯೇ. ನಿಂತ ಯಂತ್ರವನ್ನು ಯಾರೂ ನಂಬುವುದಿಲ್ಲ, ತಪ್ಪು ಹೇಳುವ ಯಂತ್ರವನ್ನು ಎಲ್ಲರೂ ನಂಬುತ್ತಾರೆ. ಗಡಿಯಾರ 2000ನೇ ಇಸವಿಗೆ ಹಿಂದಿರುಗಿದರೆ ಕಣ್ಣಿಗೆ ಬಿದ್ದೀತು. ಎರಡು ಗಂಟೆ ಹಿಂದೆ ಬಿದ್ದರೆ ಕಾಣಿಸುವುದು ಕಷ್ಟ. ನಮ್ಮಲ್ಲಿ ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ಮಂಗಳವಾರ 9.30ಕ್ಕೆ ಬಿದ್ದ ಮಳೆ ಬುಧವಾರದ ಲೆಕ್ಕಕ್ಕೆ ಸೇರಬೇಕು. ಹಿಂದೆ ಬಿದ್ದ ಗಡಿಯಾರ ಅದನ್ನು 7.30 ಎಂದು ಬರೆದು ಮಂಗಳವಾರಕ್ಕೇ ಸೇರಿಸುತ್ತದೆ. ಅಂಕಿ ಅಳಿದರೆ ನಷ್ಟ ಇನ್ನೂ ಹೆಚ್ಚು. ಒಂದು ಮಗುಚಿಗೆ 0.5 ಮಿ.ಮೀ. ಎಂದಿದ್ದದ್ದು 0.2 ಆದರೆ, 50 ಮಗುಚಿನ 25 ಮಿ.ಮೀ. ಮಳೆ ಕೇವಲ 10 ಮಿ.ಮೀ. ಆಗಿ ದಾಖಲಾಗುತ್ತದೆ. ನೆಲ ಹದವಾಗಿದ್ದರೂ ಪುಸ್ತಕದಲ್ಲಿ ಹದಮಳೆ ಇರುವುದಿಲ್ಲ.

ಮುಂಗಾರಿಗೆ ಮೊದಲೇ, ಮಳೆಯಿಲ್ಲದ ದಿನ 8.30ರ ನಂತರ ಸೆಲ್ಲು ಬದಲಿಸುವುದು ಒಳ್ಳೆಯದು. ಮೊದಲು ದಾಖಲೆಯನ್ನೂ ಹೊಂದಾಣಿಕೆಯ ಅಂಕಿಗಳನ್ನೂ ಕಾಗದಕ್ಕೆ ಇಳಿಸಿಕೊಳ್ಳಬೇಕು. ತಯಾರಕರ ಸೂಚನೆ ಬೇರೆ ಹೇಳದಿದ್ದಲ್ಲಿ ದೊಡ್ಡ ಬ್ಯಾಟರಿಯ ಸಂಪರ್ಕ ಹಾಗೆಯೇ ಇರಲಿ; ಹಳೆಯ ಸೆಲ್ಲು ತೆಗೆದರೂ ಆಗ ನೆನಪು ಅಳಿಯದು. ಹೊಸದನ್ನು ಒಣ ಬಟ್ಟೆಯಿಂದ ಅಂಚು ಹಿಡಿದು, ಕೂಡಿಸುವ ಗುರುತು ಸರಿಯಾದ ಕಡೆ ಬರುವಂತೆ ಕೂಡಿಸಬೇಕು. ಅದೇ ಗಾತ್ರದ ಮರುಪೂರಣ ಸೆಲ್ಲುಗಳೂ ಅಂಗಡಿಯಲ್ಲಿ ಸಿಗುತ್ತವೆ, ಅವುಗಳ ವೋಲ್ಟ್ ಹೆಚ್ಚು, ಹಾಕಬಾರದು. ವೋಲ್ಟ್ ಅಳೆದು ನೋಡಿ ಧೈರ್ಯದಿಂದಿರುವುದೂ ಸಲ್ಲದು. ಲಿಥಿಯಂ ಸೆಲ್ಲು ಕೊನೆಯವರೆಗೂ 3ರ ಸಮೀಪವೇ ತೋರಿಸಿ ಒಮ್ಮೆಲೇ ಇಳಿಯುತ್ತದೆ. ಬದಲಿಸಿದ ತಾರೀಖನ್ನು ಮುಚ್ಚಳದ ಒಳಗೆ ಬರೆದಿಡುವುದೇ ಮೇಲು.

ಬಳಿಕ ಗಡಿಯಾರ ಸರಿಪಡಿಸಿ ಪರೀಕ್ಷೆ ಮಾಡತಕ್ಕದ್ದು. ಆಲಿಕೆಯ ಬಾಯಿ 200 ಚದರ ಸೆಂಟಿಮೀಟರ್ ಇದ್ದರೆ 200 ಮಿಲಿಲೀಟರ್ ನೀರು 10 ಮಿ.ಮೀ. ಮಳೆಗೆ ಸಮ. ನೀರನ್ನು ಹನಿಹನಿಯಾಗಿ ಬಿಡಬೇಕು; ಒಮ್ಮೆಗೇ ಸುರಿದರೆ ಬಟ್ಟಲು ಎಣಿಕೆ ತಪ್ಪುತ್ತದೆ. ಈ 10 ಮಿ.ಮೀ.ಯನ್ನು ದಾಖಲೆಯಲ್ಲಿ ‘ಪರೀಕ್ಷೆ’ ಎಂದು ಗುರುತಿಸಲು ಮರೆಯಬಾರದು. ಇಲ್ಲವಾದರೆ ಬಿಸಿಲಿನಲ್ಲಿ ಮಳೆ ಬಿದ್ದಂತಾದೀತು!

ಮಣ್ಣಿನ ರಸಸಾರ ಮಾಪಕದಲ್ಲಿಯೂ ಬ್ಯಾಟರಿ ಬದಲಿಸಿದ ಮೇಲೆ 7 ಮತ್ತು 4ರ ಪ್ರಮಾಣ ದ್ರಾವಣಗಳಲ್ಲಿ ಅದ್ದಿ ನೋಡಬೇಕು. ಶೇಂಗಾ ತೇವಾಂಶ ಮಾಪಕದಲ್ಲಿ ಬೆಳೆಯ ಗುರುತು ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ತೆಗೆದ ಸೆಲ್ಲನ್ನು ಕಿಟಕಿಯ ಮೇಲೆ ಇಡುವ ರೂಢಿ ಅಪಾಯಕರ. ಮಗು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗಬಹುದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹಳೆಯ ಸೆಲ್ಲಿನ ಎರಡೂ ಮುಖಗಳಿಗೆ ಅಂಟುಪಟ್ಟಿ ಸುತ್ತಿ, ಹಳೆಯ ಬ್ಯಾಟರಿ ಹಿಂದಕ್ಕೆ ಪಡೆಯುವವರಿಗೆ ಒಪ್ಪಿಸಬೇಕು.