ಹೊರಸು ಜೋತರೆ ಬೆನ್ನು ಬಾಗುತ್ತದೆ

ಯಡ್ರಾಮಿ ಸೀಮೆಯ ಬೇಸಿಗೆ. ಕತ್ತಲಾದರೂ ಮನೆಯೊಳಗಿನ ಕಾವು ಆರುವುದಿಲ್ಲ. ಹಾಗಾಗಿ ನಿದ್ದೆ ಮಾಳಿಗೆಯ ಮೇಲೆ ಕೌದಿ ಹಾಸಿ, ಇಲ್ಲವೇ ಅಂಗಳದ ಹೊರಸಿನ ಮೇಲೆ.

ಹೊರಸಿನ ಹಗ್ಗ ಸಡಿಲಾಗಿ ನಡುವೆ ಜೋತರೆ ಸೊಂಟವೂ ಅದರ ಜೊತೆ ಇಳಿಯುತ್ತದೆ. ಹೊಲದಲ್ಲಿ ಬಗ್ಗಿ ದುಡಿದ ಬೆನ್ನು ರಾತ್ರಿಯೂ ಬಿಲ್ಲಾಗಿಯೇ ಉಳಿಯುತ್ತದೆ. ಹಗ್ಗ ಬಿಗಿದರೆ ಅರ್ಧ ಕೆಲಸ ಮುಗಿಯಿತು.

ಹಾಗಾದರೆ ಗಟ್ಟಿ ನೆಲ, ಅಂದರೆ ಬರೀ ಶಹಾಬಾದಿ ಕಲ್ಲಿನ ಫರಸಿಯೇ ಮದ್ದೇ? ಹಿರಿಯರು ಹೌದೆನ್ನುತ್ತಾರೆ. ಆದರೆ 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಸ್ಪೇನ್ ದೇಶದ ಅಧ್ಯಯನ ಬೇರೆಯದನ್ನೇ ಹೇಳಿತು. ಬಹುದಿನದ ಸೊಂಟನೋವಿದ್ದ 313 ಮಂದಿಯಲ್ಲಿ, 90 ದಿನಗಳ ಬಳಿಕ, ತೀರಾ ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿಯ ಹಾಸಿಗೆಯವರಿಗೆ ಹೆಚ್ಚು ಆರಾಮ ಸಿಕ್ಕಿತ್ತು. ಫರಸಿಯ ಮೇಲೆ ಎರಡು ಮೂರು ಕೌದಿ ಒಟ್ಟಿ ಹಾಸುವ ಅಜ್ಜಿಯ ಲೆಕ್ಕ ತಪ್ಪೇನಲ್ಲ!

ಇನ್ನು ಕುತ್ತಿಗೆ. ಅಲ್ಲಿರುವುದು 7 ಮೂಳೆ. ಬೋರಲು ಮಲಗಿದವರು ಉಸಿರಾಡಲು ಮುಖ ಒಂದು ಕಡೆ ಹೊರಳಿಸಲೇಬೇಕು. ತಾಸುಗಟ್ಟಲೆ ಹಾಗೇ ಇದ್ದರೆ ಬೆಳಿಗ್ಗೆ ಕುತ್ತಿಗೆ ಹಿಡಿದುಕೊಂಡಿರುತ್ತದೆ.

ಮಗ್ಗುಲಾಗಿ ಮಲಗುವವರಿಗೆ ಭುಜದಿಂದ ಕಿವಿಯವರೆಗಿನ ಸಂದು ತುಂಬುವಷ್ಟು ತಲೆದಿಂಬು ಬೇಕು, ಮೊಣಕಾಲುಗಳ ನಡುವೆ ಮಡಚಿದ ಕೌದಿ ಇದ್ದರೆ ಸೊಂಟ ತಿರುಚುವುದಿಲ್ಲ. ಅಂಗಾತ ಮಲಗುವವರು ಅದೇ ಕೌದಿಯನ್ನು ಮೊಣಕಾಲ ಕೆಳಗಿಡಬಹುದು. ಏಳುವಾಗ ಮಗ್ಗುಲಿಗೆ ಹೊರಳಿ, ಕೈಯೂರಿ ಏಳುವುದು ಬೆನ್ನಿಗೆ ಹಗುರ.

ಕೈಕಾಲು ಜೋಮು ಹಿಡಿದರೆ, ಬಲ ಕುಂದಿದರೆ ಮಾತ್ರ ದಿಂಬು ಬದಲಿಸುತ್ತ ಕೂರದೆ ವೈದ್ಯರ ಬಳಿ ಹೋಗಬೇಕು.