ಗಡಿಯಾರ ಕೇಳದ ದಟ್ಟಣೆ

ಚಿಂಚೋಳಿಗೆ ಅಂಟಿಕೊಂಡಿರುವ ಚಂದಾಪುರದಲ್ಲಿ ವಾಹನ ದಟ್ಟಣೆ ತಿಳಿಯಲು ಗಡಿಯಾರ ಸಾಲದು, ಪಂಚಾಂಗ ನೋಡಬೇಕು. ಬೆಂಗಳೂರಿನ ರಸ್ತೆಗೆ ಬೆಳಗಿನ ಒಂಬತ್ತು ಗಂಟೆ ಹೇಗೋ ಇಲ್ಲಿಗೆ ಡಿಸೆಂಬರ್–ಜನವರಿ ಹಾಗೆ. ಅದು ತೊಗರಿ ರಾಶಿಯ ಕಾಲ. ಮುಂದೆ ಚೀಲ ಹೇರಿದ ಟ್ರ್ಯಾಕ್ಟರು, ಹಿಂದೆ ಹಾರನ್ ಬಾರಿಸುತ್ತ ತೆವಳುವ ಬಸ್ಸು. ಕೆಲವೆಡೆ ರಾಶಿ ನಡೆಯುವುದೂ ಡಾಂಬರಿನ ಮೇಲೆಯೇ! ಕಣಕ್ಕಿಂತ ರಸ್ತೆ ಚೊಕ್ಕಟ ಎನ್ನುವುದು ರೈತನ ವಾದ. ಹೊಟ್ಟಿನ ಮೇಲೆ ಜಾರಿಬಿದ್ದ ಬೈಕಿನವನ ವಾದ ಬೇರೆ.

ಚಿಂಚೋಳಿಗೆ ರೈಲಿಲ್ಲ. ವಾಡಿ–ಸಿಕಂದರಾಬಾದ್ ಹಳಿ ಚಿತ್ತಾಪುರ, ಸೇಡಂ ಮುಟ್ಟಿ ತಾಂಡೂರಿಗೆ ಹೋಗಿಬಿಡುತ್ತದೆ. ಕಾಳು ಸಾಗಿಸಲೂ ರೋಗಿಯನ್ನು ಒಯ್ಯಲೂ ರಸ್ತೆಯೇ ಗತಿ. ಸೇಡಂ ಸೀಮೆಗೆ ಇಳಿದರೆ ಸಿಮೆಂಟ್ ಲಾರಿಗಳ ಸಾಲು. ಒಂದು ಕೆಟ್ಟು ನಿಂತರೆ ಹಿಂದಿನವೆಲ್ಲ ನಿಂತವೆಂದೇ ಲೆಕ್ಕ.

ಲಾರಿಯಾದರೂ ತಾಸೆರಡು ತಾಸಿಗೆ ಸರಿದೀತು, ಹೊಳೆ ಸರಿಯುವುದಿಲ್ಲ. 2020ರ ಅಕ್ಟೋಬರಿನಲ್ಲಿ ಮುಲ್ಲಾಮಾರಿ, ಕಾಗಿಣಾ ಎರಡೂ ಉಕ್ಕಿದವು. ಮಳಖೇಡದ ಸೇತುವೆ ಮುಳುಗಿ ಸೇಡಂ–ಕಲಬುರಗಿ ಸಂಚಾರವೇ ನಿಂತಿತು. ಅಂಥ ರಾತ್ರಿ ಕಲಬುರಗಿಯ ದೊಡ್ಡಾಸ್ಪತ್ರೆಗೆ ಹೊರಟ ಬಸುರಿ ನೀರಿಳಿಯುವ ತನಕ ನೋವು ತಡೆದುಕೊಂಡಾಳೆಯೆ? ರಸ್ತೆ ಅಗಲವಾಗಲಿ, ಬೇಡವೆನ್ನುವವರಾರು! ಹಣದ ಮೊದಲ ಪಾಲು ಮಾತ್ರ ತಗ್ಗು ಸೇತುವೆಗಳಿಗೆ ಸಲ್ಲಲಿ.