ಪಿಕಪ್ಪಿನ ಹಿಂದಿನ ಆಕ್ಸಲ್: ಬಲ ಬೇಕೋ, ವೇಗ ಬೇಕೋ?



ನಾಯ್ಮಾರ್ಮೂಲೆಯ ಹೆದ್ದಾರಿಯಲ್ಲಿ ಸಲೀಸಾಗಿ ಓಡುವ ಪಿಕಪ್, ಚೆರ್ಕಳ ದಾಟಿ ಮುಳ್ಳೇರಿಯ ಕಡೆಯ ತೋಟದ ಏರಿನಲ್ಲಿ ಗೊಬ್ಬರದ ಗೋಣಿ ಹೊತ್ತಾಗ ಏದುಸಿರು ಬಿಡುತ್ತದೆ. ಕ್ಲಚ್ ಸುಟ್ಟ ವಾಸನೆ ಬರುತ್ತದೆ. ನಾವು ಎಂಜಿನನ್ನು ದೂರುತ್ತೇವೆ. ಆದರೆ ಕಾರಣ ಹಿಂದಿನ ಆಕ್ಸಲಿನಲ್ಲೂ ಇರಬಹುದು. ಹಳೆಯ ವಾಹನ ಕೊಳ್ಳುವವರು, ಕ್ರೌನ್-ಪಿನಿಯನ್ ಬದಲಿಸುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರವಿದೆ. ಅದು ಆಕ್ಸಲಿನೊಳಗಿನ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಕ್ರೌನಿಗೆ 41, ಪಿನಿಯನ್ನಿಗೆ 10 ಹಲ್ಲುಗಳಿದ್ದರೆ ರೇಶಿಯೋ 4.1. ಅಂದರೆ ಶಾಫ್ಟ್ 4.1 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ಬರುತ್ತದೆ. ಉದ್ದದ ಸಲಾಕೆಯಿಂದ ಬಂಡೆ ಮೀಟಿದ ಹಾಗೆ: ಕೈ ಹೆಚ್ಚು ಸರಿಯಬೇಕು, ಬಂಡೆ ಸ್ವಲ್ಪವೇ ಕದಲುತ್ತದೆ, ಆದರೆ ಭಾರ ಏಳುತ್ತದೆ.

ಯುದ್ಧಕಾಲದ ವಿಲ್ಲೀಸ್ ಜೀಪಿನ ರೇಶಿಯೋ 4.88 ಇತ್ತು. 1945ರಲ್ಲಿ ಕೃಷಿಕರ ಬಳಕೆಗೂ ಎಂದು ಬಂದ ಸಿಜೆ-2ಎ ಜೀಪಿಗೆ ಅದನ್ನು 5.38ಕ್ಕೆ ಏರಿಸಿದರು. ಹೊಲದ ಕೆಲಸಕ್ಕೆ ವೇಗಕ್ಕಿಂತ ಎಳೆತ ಮುಖ್ಯವಾಗಿತ್ತು.

ಒಂದು ಲೆಕ್ಕ ನೋಡೋಣ. ಚಕ್ರದ ಸುತ್ತಳತೆ 2.2 ಮೀಟರ್, ಎಂಜಿನ್ ನಿಮಿಷಕ್ಕೆ 2,000 ಸುತ್ತು, ಗಿಯರ್‌ಬಾಕ್ಸಿನಲ್ಲಿ ಶಾಫ್ಟ್ ಎಂಜಿನಿನಷ್ಟೇ ತಿರುಗುವ ಗಿಯರ್ ಎಂದಿಟ್ಟುಕೊಳ್ಳಿ. ರೇಶಿಯೋ 4.1 ಆದರೆ ವೇಗ ಗಂಟೆಗೆ ಸುಮಾರು 64 ಕಿಲೋಮೀಟರ್, 5.38 ಆದರೆ ಸುಮಾರು 49. ವೇಗ ಇಳಿಯಿತು, ಆದರೆ ಚಕ್ರದ ಎಳೆತ ನೂರಕ್ಕೆ 31ರಷ್ಟು ಹೆಚ್ಚಿತು. ಹೆಚ್ಚು ರೇಶಿಯೋದ ವಾಹನವನ್ನು ದಿನವೂ ಹೆದ್ದಾರಿಯಲ್ಲೇ ಓಡಿಸಿದರೆ ಎಂಜಿನ್ ಹೆಚ್ಚು ತಿರುಗಿ ಡೀಸೆಲ್ ಖರ್ಚಾಗುತ್ತದೆ. ಕಡಿಮೆ ರೇಶಿಯೋದ ವಾಹನದಲ್ಲಿ ಭಾರ ಹೇರಿ ಗುಡ್ಡ ಹತ್ತಿದರೆ ಕ್ಲಚ್ ಸವೆಯುತ್ತದೆ.

ಜೀವದ ಪ್ರಶ್ನೆ ಇರುವುದು ಇಳಿತದಲ್ಲಿ. ರೇಶಿಯೋ ಕಡಿಮೆಯಾದರೆ ಎಂಜಿನ್ ವಾಹನವನ್ನು ಹಿಡಿದು ನಿಲ್ಲಿಸುವ ಶಕ್ತಿಯೂ ಕಡಿಮೆ. ಚಾಲಕ ಬ್ರೇಕನ್ನೇ ತುಳಿಯುತ್ತಾನೆ. ಬ್ರೇಕ್ ಕಾದು ಹಿಡಿತ ತಪ್ಪುತ್ತದೆ. ಆದುದರಿಂದ ಯಾವ ಗಿಯರಿನಲ್ಲಿ ಹತ್ತುವಿರೋ ಅದೇ ಗಿಯರಿನಲ್ಲಿ ಇಳಿಯಿರಿ. ನ್ಯೂಟ್ರಲ್‌ನಲ್ಲಿ ಎಂದಿಗೂ ಇಳಿಯಬೇಡಿ.

ನೆನಪಿಡಬೇಕಾದವು:

1. ರೇಶಿಯೋ ತಿಳಿಯಲು ವರ್ಕ್‌ಶಾಪಿನ ಸಮತಟ್ಟು ನೆಲದಲ್ಲಿ ಉಳಿದ ಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಎತ್ತಿ ಸ್ಟ್ಯಾಂಡ್ ಇಡಿಸಿ. ನ್ಯೂಟ್ರಲ್‌ನಲ್ಲಿ ಆ ಚಕ್ರವನ್ನು ಎರಡು ಸುತ್ತು ತಿರುಗಿಸಿದಾಗ ಶಾಫ್ಟ್ ಎಷ್ಟು ಸುತ್ತು ಬರುತ್ತದೋ ಅದೇ ರೇಶಿಯೋ.

2. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಬದಲಾಗಬೇಕು.

3. ನಾಲ್ಕು ಚಕ್ರಕ್ಕೂ ಎಳೆತವಿರುವ ಜೀಪಿನಲ್ಲಿ ಮುಂದಿನ, ಹಿಂದಿನ ಆಕ್ಸಲುಗಳ ರೇಶಿಯೋ ಒಂದೇ ಇರಬೇಕು. ಇಲ್ಲವಾದರೆ ಗಿಯರುಗಳು ಒಂದನ್ನೊಂದು ಹಿಂಡಿ ಮುರಿಯುತ್ತವೆ.

4. ದೊಡ್ಡ ಟಯರ್ ಹಾಕಿದರೆ ರೇಶಿಯೋ ಕಡಿಮೆ ಮಾಡಿದಂತೆಯೇ; ಎಳೆತ ಕುಗ್ಗುತ್ತದೆ.

5. ರೇಶಿಯೋ ಹೆಚ್ಚಿಸಿದರೆ ಹೊರೆಯ ಮಿತಿ ಹೆಚ್ಚುವುದಿಲ್ಲ. ಸ್ಪ್ರಿಂಗ್, ಬ್ರೇಕ್, ಟಯರ್ ಎಲ್ಲವೂ ಮೊದಲಿನವೇ.

ಕೊಳ್ಳುವಾಗ ಎಷ್ಟು ಓಡುತ್ತದೆ ಎಂದು ಕೇಳುವ ಮೊದಲು, ನಮ್ಮ ತೋಟದ ಏರನ್ನು ಹೊರೆಯೊಂದಿಗೆ ಹತ್ತಿ, ಸುರಕ್ಷಿತವಾಗಿ ಇಳಿಯುತ್ತದೆಯೇ ಎಂದು ನೋಡಿರಿ.